ಅಜ್ಜಿಮನೆಯ ಗಿಳಿ ಮತ್ತು ಕಾಯ್ದೆ



ರಜೆಯಲ್ಲಿ ಊರಿಗೆ ಹೋದಾಗ ಜಗಲಿಯ ಮೇಲೆ ತೂಗುವ ಗಿಳಿಯ ಪಂಜರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅಂಥದೇ ಒಂದು ಗಿಳಿ ನಮ್ಮ ಫ್ಲಾಟಿನ ಬಾಲ್ಕನಿಯಲ್ಲೂ ಇದ್ದರೆ ಎಷ್ಟು ಚೆನ್ನ ಎಂದು ಅನಿಸುವುದು ಸಹಜ. ಆದರೆ ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪ್ರಾಣಿ ಎಲ್ಲಿಯದು?

ವಿದೇಶಿ ಪ್ರಾಣಿ ಸಾಕುವುದು ತಪ್ಪು, ನಮ್ಮ ಊರಿನ ಗಿಳಿ ಸಾಕಿದರೆ ಯಾರೇನು ಕೇಳುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಕಾಯ್ದೆ ಹೇಳುವುದು ಹೆಚ್ಚುಕಡಿಮೆ ಇದರ ತಿರುವುಮುರುವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ನಮ್ಮ ಹಸಿರು ಗಿಳಿಯನ್ನು ಹಿಡಿಯುವುದೂ ಮಾರುವುದೂ ಕೊಳ್ಳುವುದೂ ಅಪರಾಧ. ಬೆನ್ನ ಮೇಲೆ ನಕ್ಷತ್ರದ ಚಿತ್ತಾರ ಹೊತ್ತ ಆಮೆಯೂ ಹಾಗೆಯೇ. ಕೋಲಾರದ ಕಡೆಯ ಕುರುಚಲು ಕಾಡಿನಲ್ಲಿ ಹುಲ್ಲು ಮೇಯಬೇಕಾದ ಈ ಆಮೆ, ಮನೆಗೆ ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಗಾಜಿನ ಪೆಟ್ಟಿಗೆ ಸೇರುತ್ತದೆ. ಪಾಪ, ಅದರ ಅದೃಷ್ಟ ಕೇಳುವವರಾರು? 2022ರ ತಿದ್ದುಪಡಿಯ ನಂತರ ಇದು ಮೊದಲನೆಯ ಅನುಸೂಚಿಗೆ ಸೇರಿದೆ. ಈ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ತಪ್ಪು ಮಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಹಾಗಾದರೆ ವಿದೇಶಿ ಪ್ರಾಣಿಗಳು? ಅವುಗಳಲ್ಲಿ ಕೆಲವನ್ನು ಸಾಕಬಹುದು, ಆದರೆ ಲೆಕ್ಕ ಕೊಡಬೇಕು. ಆಫ್ರಿಕನ್ ಗ್ರೇ ಗಿಳಿ, ಇಗುವಾನ, ಬಾಲ್ ಪೈಥಾನ್ ಮುಂತಾದವು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳಂತೆ, ಇಂಥ ಪ್ರಾಣಿ ಕೈಸೇರಿದ 30 ದಿನಗಳೊಳಗೆ 'ಪರಿವೇಶ್' ಜಾಲತಾಣದ ಮೂಲಕ ನೋಂದಣಿಗೆ ಅರ್ಜಿ ಹಾಕಬೇಕು. ಅದು ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಬಜರಿಗರ್ ಮತ್ತು ಕಾಕಟೀಲ್ ಹಕ್ಕಿಗಳು ಆ ಪಟ್ಟಿಯಲ್ಲಿಲ್ಲ. ಹಕ್ಕಿ ಸಾಕುವ ಆಸೆ ಅಷ್ಟೊಂದಿದ್ದರೆ ಅವನ್ನು ಯೋಚಿಸಬಹುದು.

ಅಂಗಡಿಯವನು "ಎಲ್ಲರೂ ಒಯ್ಯುತ್ತಾರೆ, ಏನೂ ಆಗುವುದಿಲ್ಲ" ಎನ್ನಬಹುದು. ಆ ಮಾತನ್ನು ನಂಬಬೇಡಿ, ಕಾಗದಪತ್ರ ಕೇಳಿ. ಕಾಗದವಿಲ್ಲವೆಂದರೆ ಕೈಮುಗಿದು ಹೊರಬನ್ನಿ. ಪೊಟರೆಯಿಂದ ಕಿತ್ತು ತಂದ ಗಿಳಿಮರಿಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ನೀವು ಒಂದಕ್ಕೆ ಹಣ ಕೊಟ್ಟರೆ, ಮುಂದಿನ ಪೊಟರೆಗೆ ಕೈ ಹಾಕಲು ಅವರಿಗೆ ಮುಂಗಡ ಕೊಟ್ಟಂತೆ.

ಈಗಾಗಲೇ ಮನೆಯಲ್ಲಿ ಗಿಳಿಯಿದ್ದರೆ? ಗಾಬರಿಯಿಂದ ಪಂಜರದ ಬಾಗಿಲು ತೆರೆದು ಹಾರಿಬಿಡಬೇಡಿ. ಕೈತುತ್ತು ತಿಂದು ಬೆಳೆದ ಹಕ್ಕಿಗೆ ಆಹಾರ ಹುಡುಕಲೂ ಬಾರದು, ಹದ್ದು-ಕಾಗೆಗಳಿಂದ ತಪ್ಪಿಸಿಕೊಳ್ಳಲೂ ತಿಳಿಯದು. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂತೆ ಎಂಬ ಗಾದೆ ಅಕ್ಷರಶಃ ನಿಜವಾದೀತು. ಹಿರಿಯರೊಡನೆ ಮಾತಾಡಿ, ನಿಮ್ಮ ನಗರದ ಅರಣ್ಯ ಇಲಾಖೆಯನ್ನು ಸಂಪರ್ಕಿಸಿ. ಅಂತೆಯೇ, ಕೆಂಪು ಕಿವಿಪಟ್ಟಿಯ ಅಮೆರಿಕದ ಆಮೆ ದೊಡ್ಡದಾಯಿತೆಂದು ಹತ್ತಿರದ ಕೆರೆಗೆ ಬಿಡಬೇಡಿ. ಅದು ಅಲ್ಲಿನ ನಮ್ಮ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿಗಿಳಿಯುತ್ತದೆ.

ಅಜ್ಜಿಯ ಕಾಲದಲ್ಲಿ ಇದನ್ನೆಲ್ಲ ಹೇಳುವವರಿರಲಿಲ್ಲ. ನಿಮಗೆ ಈಗ ಗೊತ್ತಾಯಿತು. ಮುಂದಿನ ರಜೆಗೆ ಹೋದಾಗ ಊರಿನವರಿಗೂ ಮೆಲ್ಲಗೆ, ಪ್ರೀತಿಯಿಂದ, ಕನ್ನಡದಲ್ಲೇ ತಿಳಿಸಿ ಹೇಳುವಿರಲ್ಲ?