ಮೂರು ತಿಂಗಳ ಗಡುವು



ವಜ್ರಳ್ಳಿಯ ನಮ್ಮ ಮನೆಗೆ ಕಳೆದ ವಾರ ಒಬ್ಬ ಶಿಕ್ಷಕಿ ತನ್ನ ಅತ್ತೆಯೊಂದಿಗೆ ಬಂದಿದ್ದಳು. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷ ಕಲಿಸಿದವಳು. ತನ್ನಷ್ಟೇ ಓದಿ, ತನ್ನಷ್ಟೇ ಪಾಠ ಮಾಡುವ ಗಂಡಸರಿಗೆ ಹೆಚ್ಚು ಸಂಬಳವೇಕೆ ಎಂದು ಆಡಳಿತ ಮಂಡಳಿಗೆ ಬರೆದು ಕೇಳಿದ್ದಳು. ಮರುತಿಂಗಳೇ ಪತ್ರ ಬಂತು: ಮಕ್ಕಳ ಸಂಖ್ಯೆ ಕಡಿಮೆಯಾಗಿದೆ, ಇನ್ನು ಬರುವುದು ಬೇಡ. ಬೇರೆ ಯಾರ ಕೆಲಸವೂ ಹೋಗಲಿಲ್ಲ.

“ಎಲ್ಲರೂ ಸಬ್ರ್ ಮಾಡು ಎನ್ನುತ್ತಾರೆ ಆಪಾ. ನೀವೇನು ಹೇಳುತ್ತೀರಿ?”

ನನಗೆ ಖೌಲಾ(ರ) ನೆನಪಾದರು. ಪತಿಯಿಂದಾದ ಅನ್ಯಾಯವನ್ನು ಪ್ರವಾದಿ(ಸ)ರ ಮುಂದಿಟ್ಟು, ಮೊದಲ ಉತ್ತರಕ್ಕೆ ಸುಮ್ಮನಾಗದೆ ಮತ್ತೆ ಮತ್ತೆ ವಾದಿಸಿದ ಮಹಿಳೆ. ಆಕೆಯ ದೂರನ್ನು ಅಲ್ಲಾಹನು ಆಲಿಸಿದನೆಂದು ಸಾರುವ ಪವಿತ್ರ ಕುರ್‌ಆನಿನ 58ನೇ ಅಧ್ಯಾಯದ ಹೆಸರೇ ‘ಅಲ್ ಮುಜಾದಿಲ’, ಅಂದರೆ ವಾದಿಸಿದವಳು. ಸಬ್ರಿನ ಹೆಸರಿನಲ್ಲಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರು ಈ ಅಧ್ಯಾಯವನ್ನು ಓದುವುದಿಲ್ಲವೇ?

ಆದರೆ ದೂರು ಎಲ್ಲಿ ಕೊಡಬೇಕು? ಕೆಲಸ ಹೋದವರು ಕಾರ್ಮಿಕ ಇಲಾಖೆಗೆ ಹೋಗುವುದು ವಾಡಿಕೆ. ಶಿಕ್ಷಕಿಯರು ಎಡವುವುದು ಇಲ್ಲಿಯೇ. ಪಕ್ಕದ ಗೋವಾದಲ್ಲಿ ಎ. ಸುಂದರಾಂಬಾಳ್ ಎಂಬ ಶಿಕ್ಷಕಿಯನ್ನು 1975ರಲ್ಲಿ ಕೆಲಸದಿಂದ ತೆಗೆಯಲಾಯಿತು. ಆಕೆ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ನ್ಯಾಯ ಕೇಳಿದರು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1988ರಲ್ಲಿ. ಶಿಕ್ಷಕರು ಆ ಕಾಯ್ದೆ ಹೇಳುವ ಕೆಲಸಗಾರರಲ್ಲ ಎಂದಿತು ನ್ಯಾಯಾಲಯ. ಹದಿಮೂರು ವರ್ಷ! ಶಿಕ್ಷಕರಿಗೂ ತಕ್ಕ ವ್ಯವಸ್ಥೆ ಬೇಕೆಂದು ನ್ಯಾಯಾಲಯವೇ ಹೇಳಿತು, ಆದರೆ ಆಕೆಯ ಮೇಲ್ಮನವಿ ಬಿದ್ದುಹೋಯಿತು.

ನಮ್ಮಲ್ಲಿ ಬೇರೆ ಬಾಗಿಲಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಆರೋಪವನ್ನು ಬರಹದಲ್ಲಿ ತಿಳಿಸಿ, ವಿಚಾರಣೆ ನಡೆಸಿ, ಶಿಕ್ಷಕಿಯ ಮಾತು ಕೇಳದೆ ಆಕೆಯನ್ನು ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಸೆಕ್ಷನ್ ಪ್ರಕಾರ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಆದೇಶ ಕೈಗೆ ಬಂದ ಮೂರು ತಿಂಗಳೊಳಗೆ ಹೋಗಬೇಕು. ಸಂಬಳದ ತಾರತಮ್ಯವೂ ಸಣ್ಣ ತಪ್ಪಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು 1976ರ ಕಾಯ್ದೆಯಲ್ಲಿತ್ತು, ಈಗ 2019ರ ವೇತನ ಸಂಹಿತೆಯಲ್ಲಿದೆ.

ಅವಳ ಚೀಲದಲ್ಲಿ ನೇಮಕಾತಿ ಪತ್ರ, ಪಾಸ್‌ಬುಕ್, ತಾನು ಬರೆದ ದೂರಿನ ಪ್ರತಿ ಎಲ್ಲ ಇದ್ದವು. ಜಾಣೆ! ದೂರಿನ ಮೇಲೆ ಶಾಲೆಯವರ ಸಹಿಯೂ ದಿನಾಂಕವೂ ಇದ್ದುದರಿಂದ, ದೂರು ಮೊದಲು, ವಜಾ ಆಮೇಲೆ ಎಂದು ತೋರಿಸಲು ಸಾಧ್ಯ. ಇಂಥ ಸಹಿ ಸಿಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಬಾಕಿ ಸಂಬಳ ಕೊಡುತ್ತೇವೆ, ರಾಜೀನಾಮೆಗೆ ಸಹಿ ಹಾಕು ಎಂದರೆ ಹಾಕಬೇಡಿ. ಹಾಕಿದರೆ ನಿಮ್ಮನ್ನು ಯಾರೂ ತೆಗೆದಿಲ್ಲ, ನೀವೇ ಬಿಟ್ಟಿರಿ ಎಂದಾಗುತ್ತದೆ.

ಅಷ್ಟು ಹೊತ್ತು ಸುಮ್ಮನಿದ್ದ ಅತ್ತೆ ಕೇಳಿದರು: “ವಕೀಲರಿಗೆ ದುಡ್ಡು ಎಲ್ಲಿಂದ ತರುವುದು?” ಮನೆಯವರ ಸಬ್ರಿನ ಹಿಂದೆ ಇದ್ದದ್ದು ಈ ಚಿಂತೆ! 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ವಕೀಲರ ನೆರವಿದೆ. ಯಲ್ಲಾಪುರದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು.

ಕೆಲಸ ಮರಳಿ ಸಿಗುತ್ತದೆಂದು ನಾನು ಮಾತು ಕೊಡಲಿಲ್ಲ. ಕ್ಯಾಲೆಂಡರ್ ತೆಗೆದು ಮೂವರೂ ದಿನ ಎಣಿಸಿದೆವು. ಪತ್ರ ಬಂದು ಎಪ್ಪತ್ತೊಂದು ದಿನಗಳಾಗಿದ್ದವು. ಸೋಮವಾರ ಬೆಳಗಿನ ಬಸ್ಸಿಗೆ ಅತ್ತೆ ಸೊಸೆ ಇಬ್ಬರೂ ಯಲ್ಲಾಪುರಕ್ಕೆ ಹೊರಟಿದ್ದಾರೆ.