ಕಬ್ಬಿಣದ ಹಾದಿಯೂ ಎರವಲು ಧೈರ್ಯವೂ

ಪರ್ವತಾರೋಹಣದ ವಿಷಯದಲ್ಲಿ ಎರಡು ಸುಳ್ಳುಗಳು ಪ್ರಚಾರದಲ್ಲಿವೆ. ಬಂಡೆಗೆ ಕಬ್ಬಿಣ ತಾಗಿದೊಡನೆ ಪರ್ವತವು ಮೈಲಿಗೆಯಾಯಿತೆಂಬುದು ಒಂದು. ಕಬ್ಬಿಣವಿದ್ದ ಮೇಲೆ ಅಪಾಯವೆಲ್ಲಿಯದು ಎಂಬುದು ಇನ್ನೊಂದು. ಮೊದಲನೆಯದು ಪಂಡಿತರ ಸುಳ್ಳು, ಎರಡನೆಯದು ವ್ಯಾಪಾರಿಗಳ ಸುಳ್ಳು. ಮೊದಲನೆಯದರಿಂದ ಯಾರ ಎಲುಬೂ ಮುರಿಯುವುದಿಲ್ಲ. ಎರಡನೆಯದನ್ನು ನಂಬಿದವರ ಜೀವವೇ ಹೋಗಬಹುದು. ಎರಡನ್ನೂ ಪರೀಕ್ಷಿಸಿ ನೋಡುವುದು ಅಗತ್ಯ.

ಇಟಲಿಯ ಈಶಾನ್ಯದಲ್ಲಿರುವ ಡೊಲೊಮೈಟ್ ಪರ್ವತಗಳಲ್ಲಿ ‘ವಿಯಾ ಫೆರಾಟಾ’ ಎಂಬ ಹಾದಿಗಳುಂಟು. ಆ ಮಾತಿಗೆ ಕಬ್ಬಿಣದ ಹಾದಿ ಎಂದೇ ಅರ್ಥ. ಕಡಿದಾದ ಬಂಡೆಯ ಮೈಗೆ ಉಕ್ಕಿನ ಗೂಟಗಳನ್ನು ನಾಟಿ, ಅವುಗಳ ನಡುವೆ ಉಕ್ಕಿನ ಹಗ್ಗವನ್ನು ಬಿಗಿದು, ಕಾಲಿಗೆ ಆಸರೆಯಿಲ್ಲದೆಡೆ ಕಂಬಿಗಳನ್ನೂ ಏಣಿಗಳನ್ನೂ ಕೂಡಿಸಿರುತ್ತಾರೆ. ಹತ್ತುವವನ ಸೊಂಟದ ಪಟ್ಟಿಯಿಂದ ಎರಡು ಕವಲಿನ ಪಟ್ಟಿಯೊಂದು ಹೊರಡುತ್ತದೆ. ಕವಲುಗಳ ತುದಿಯ ಕೊಂಡಿಗಳನ್ನು ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿಕೊಂಡು ಅವನು ಸಾಗಬೇಕು. ಗೂಟ ಬಂದಲ್ಲಿ ಕೊಂಡಿಗಳನ್ನು ಒಂದೊಂದಾಗಿಯೇ ದಾಟಿಸತಕ್ಕದ್ದು. ಎರಡನ್ನೂ ಒಮ್ಮೆಗೇ ಬಿಡಿಸಿದವನಿಗೆ ಆ ಕ್ಷಣದಲ್ಲಿ ಆಧಾರವೇ ಇಲ್ಲ.

ಮೊದಲು ಪಂಡಿತರ ವಾದವನ್ನು ನೋಡೋಣ. 1968ರಲ್ಲಿ ರೈನ್‌ಹೋಲ್ಡ್ ಮೆಸ್ನರ್ ತನ್ನ ಪ್ರಸಿದ್ಧ ಲೇಖನದಲ್ಲಿ, ಬಂಡೆಯನ್ನು ಕೊರೆದು ಬೋಲ್ಟು ಹಾಕಿ ಹತ್ತುವ ಪದ್ಧತಿಯನ್ನು ‘ಅಸಾಧ್ಯದ ಕೊಲೆ’ ಎಂದು ಖಂಡಿಸಿದನು. ಆರೋಹಿಯು ತನ್ನ ಸಾಮರ್ಥ್ಯಕ್ಕೆ ಮೀರಿದ್ದನ್ನು ಯಂತ್ರದಿಂದ ಗೆಲ್ಲಬಾರದೆಂಬ ಆ ಮಾತಿಗೆ ತೂಕವಿದೆ. ಆದರೆ ಅದನ್ನೇ ಹಿಡಿದು ಕಬ್ಬಿಣದ ಹಾದಿಗಳನ್ನೆಲ್ಲ ಕಿತ್ತೆಸೆಯಬೇಕೆನ್ನುವುದು ಚರಿತ್ರೆಯನ್ನು ಓದದವರ ಆತುರ. ಆಸ್ಟ್ರಿಯಾದ ಡಾಖ್‌ಸ್ಟೈನ್ ಶಿಖರದ ಮೇಲೆ 1843ರಲ್ಲಿಯೇ ವಿಜ್ಞಾನಿ ಫ್ರೀಡ್ರಿಕ್ ಸಿಮೊನಿ ಕಬ್ಬಿಣದ ಗೂಟಗಳನ್ನು ಹಾಕಿಸಿದ್ದನು. ಡೊಲೊಮೈಟುಗಳಲ್ಲೆಲ್ಲ ಎತ್ತರವಾದ, 3343 ಮೀಟರ್‌ಗಳ ಮರ್ಮೊಲಾಡಾದ ಪಶ್ಚಿಮದ ಏಣಿನಲ್ಲಿ 1903ರಲ್ಲಿ ಇಂತಹ ಹಾದಿಯಾಯಿತು. 1915ರಲ್ಲಿ ಇಟಲಿಯು ಮಹಾಯುದ್ಧಕ್ಕೆ ಇಳಿದಾಗ ಈ ಶಿಖರಗಳೇ ರಣರಂಗವಾದವು. ಎರಡು ಪಕ್ಷಗಳ ಸೈನಿಕರೂ ಮದ್ದುಗುಂಡುಗಳನ್ನೂ ರೊಟ್ಟಿಯನ್ನೂ ಹೊತ್ತು ಹಿಮದಲ್ಲಿ ಹತ್ತಿಳಿಯಲು ಏಣಿ, ಹಗ್ಗಗಳನ್ನು ಕಟ್ಟಿದರು. ಲಗಾಜುಯೊಯ್ ಬೆಟ್ಟದೊಳಗೆ ಸುರಂಗ ಕೊರೆದು, 1917ರ ಜೂನ್ 20ರಂದು ಇಟಲಿಯವರು ಬೆಟ್ಟದ ಭಾಗವನ್ನೇ ಸಿಡಿಸಿದರು. ಅಂದಿನ ಹಾದಿಗಳಲ್ಲಿ ಕೆಲವು ಯುದ್ಧಾನಂತರ ಉಕ್ಕಿನಿಂದ ಜೀರ್ಣೋದ್ಧಾರಗೊಂಡು ಉಳಿದಿವೆ. ಅವುಗಳ ಕಬ್ಬಿಣವನ್ನು ಕಿತ್ತರೆ ಹೆಸರಿಲ್ಲದೆ ಸತ್ತ ಆ ಸೈನಿಕರ ಗುರುತೂ ಅದರೊಡನೆ ಹೋಗುತ್ತದೆ.

ಇನ್ನು ಸಂಯಮದ ಮಾದರಿಯೂ ಅಲ್ಲಿಯೇ ಉಂಟು. ಬ್ರೆಂಟಾ ಶ್ರೇಣಿಯಲ್ಲಿ 1930ರ ದಶಕದಿಂದ ಬೆಳೆದ ಬೊಕ್ಕೆಟ್ಟೆ ಹಾದಿಯು ಬಂಡೆಯ ಅಂಚುಗಳನ್ನು ಹಿಡಿದು ಕಣಿವೆಯಿಂದ ಕಣಿವೆಗೆ ಸಾಗುತ್ತದೆಯೇ ಹೊರತು ಯಾವ ಶಿಖರದ ತಲೆಯನ್ನೂ ಮೆಟ್ಟುವುದಿಲ್ಲ. ಶಿಖರವನ್ನು ಬರಿಗೈಯಿಂದ ಹತ್ತುವವನಿಗೇ ಬಿಟ್ಟಿದೆ. ಇಷ್ಟು ವಿವೇಕವಿದ್ದಲ್ಲಿ ಮೈಲಿಗೆಯ ಮಾತಿಗೆ ಎಡೆಯಿಲ್ಲ.

ಈಗ ವ್ಯಾಪಾರಿಗಳ ಸುಳ್ಳು. ಲಗಾಜುಯೊಯ್ ಬೆಟ್ಟದ ಬಳಿಯ ದಕ್ಷಿಣ ಫಾನಿಸ್ ಶಿಖರಕ್ಕೆ ಹೋಗುವ ತೊಮಾಸೆಲ್ಲಿ ಹಾದಿಯನ್ನು ತೆಗೆದುಕೊಳ್ಳಿ. ಶಿಖರದ ಎತ್ತರ 2980 ಮೀಟರ್. ಡೊಲೊಮೈಟುಗಳ ಅತಿ ಕಠಿಣ ಕಬ್ಬಿಣದ ಹಾದಿಗಳಲ್ಲಿ ಇದನ್ನು ಎಣಿಸುತ್ತಾರೆ. ಬೆಳಿಗ್ಗೆ ಉಪಾಹಾರ ಮುಗಿಸಿ ಫಾಲ್ಜಾರೆಗೊ ಕಣಿವೆದಾರಿಗೆ ಬಂದವನನ್ನು ಕೇಬಲ್ ಕಾರು ಕೆಲವೇ ನಿಮಿಷಗಳಲ್ಲಿ ಲಗಾಜುಯೊಯ್ ಮೇಲಕ್ಕೆ ಎತ್ತಿಬಿಡುತ್ತದೆ. ಶ್ವಾಸವೂ ಹೊಂದಿಕೊಂಡಿಲ್ಲ, ತೋಳೂ ಪಳಗಿಲ್ಲ. ತಲೆಯ ಮೇಲೆ ಬಾಡಿಗೆಯ ಶಿರಸ್ತ್ರಾಣ, ಸೊಂಟದಲ್ಲಿ ಬಾಡಿಗೆಯ ಪಟ್ಟಿ. ‘ಹಗ್ಗವಿದೆಯಲ್ಲ’ ಎಂಬುದೊಂದೇ ಅವನ ವೇದಾಂತ. ಇಂತಹವನಿಗೆ ‘ಕೊಂಡಿ ಸಿಕ್ಕಿಸಿಕೊಂಡರೆ ಸಾಕು’ ಎಂದು ಹೇಳುವವನು ಪಾಪ ಮಾಡುತ್ತಾನೆ.

ಏಕೆಂದರೆ ಲೆಕ್ಕವು ಬೇರೆ ಹೇಳುತ್ತದೆ. ಎರಡು ಗೂಟಗಳ ಅಂತರ 5 ಮೀಟರ್, ಕವಲುಪಟ್ಟಿಯ ಉದ್ದ 1 ಮೀಟರ್ ಎಂದಿಟ್ಟುಕೊಳ್ಳೋಣ. ಮೇಲಿನ ಗೂಟದ ಹತ್ತಿರ ಕೈತಪ್ಪಿದವನ ಕೊಂಡಿಯು ಕೆಳಗಿನ ಗೂಟದವರೆಗೂ ಜಾರುತ್ತದೆ. ಅವನು 6 ಮೀಟರ್ ಬೀಳುತ್ತಾನೆ. ಆ ಬೀಳುವಿಕೆಯನ್ನು ತಡೆಯುವುದು 1 ಮೀಟರ್ ಪಟ್ಟಿ ಮಾತ್ರ. ಭಾಗಿಸಿದರೆ 6. ಹಗ್ಗ ಕಟ್ಟಿಕೊಂಡು ಮುಂದಾಳಾಗಿ ಬಂಡೆ ಹತ್ತುವವನಿಗೆ ಈ ಸಂಖ್ಯೆ 2ನ್ನು ಮೀರುವುದಿಲ್ಲ. ಆದುದರಿಂದಲೇ ಕವಲುಪಟ್ಟಿಯಲ್ಲಿ, ಹೊಲಿಗೆ ಕ್ರಮವಾಗಿ ಹರಿದು ಎಳೆತವನ್ನು ನುಂಗುವ ಒಂದು ಭಾಗವಿರುತ್ತದೆ. ಅದು ಕೆಲಸ ಮಾಡಿದರೂ ಬೀಳುವವನ ಮೈ ದಾರಿಯಲ್ಲಿಯ ಕಂಬಿಗೋ ಬಂಡೆಯ ಚಾಚಿಗೋ ಬಡಿಯುವುದು ತಪ್ಪದು. ಕಬ್ಬಿಣದ ಹಾದಿಯಲ್ಲಿ ಬೀಳಲೇಬಾರದು ಎಂಬುದು ಅನುಭವಿಗಳ ಮೊದಲ ಪಾಠ. ಬೇಸಗೆಯ ಮಧ್ಯಾಹ್ನ ಗುಡುಗು ಕವಿದರಂತೂ ಕಾಯುವ ಉಕ್ಕೇ ಮಿಂಚಿನ ದಾರಿಯಾಗುತ್ತದೆ.

ಅಧ್ಯಾಪಕ ಮಿತ್ರರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 2017ರಲ್ಲಿ ಪರಿಷ್ಕೃತವಾದ ಐರೋಪ್ಯ ನಿಯಮದಂತೆ ಈ ಸಾಧನವು 40ರಿಂದ 120 ಕಿಲೋ ತೂಕದವರಿಗಾಗಿ ರಚಿತವಾದದ್ದು. ನಮ್ಮ ಏಳನೆಯ ತರಗತಿಯ ಎಷ್ಟೋ ಮಕ್ಕಳು 40 ಕಿಲೋ ಮುಟ್ಟರು. ಹಗುರವಾದ ದೇಹಕ್ಕೆ ಹೊಲಿಗೆಯು ತಕ್ಕಷ್ಟು ಹರಿಯದೆ, ಎಳೆತವೆಲ್ಲ ಎಳೆಯ ಬೆನ್ನಿಗೇ ಬೀಳಬಹುದು. ಅಂತಹ ಮಗುವನ್ನು ಬಲ್ಲವನೊಬ್ಬನು ಮೇಲಿನಿಂದ ಬೇರೆ ಹಗ್ಗದಲ್ಲಿ ಹಿಡಿದಿರಬೇಕು. ‘ಮಕ್ಕಳಿಗೂ ಸುಲಭ’ ಎಂದು ಬಣ್ಣದ ಚಿತ್ರ ಅಚ್ಚುಹಾಕಿಸುವವರು ಈ ಮಾತನ್ನು ಅದೇ ಗಾತ್ರದ ಅಕ್ಷರಗಳಲ್ಲಿ ಅಚ್ಚುಹಾಕಲಿ.

ಆಸರೆ ತಪ್ಪಲ್ಲ. ಆಸರೆಯನ್ನು ಸಾಮರ್ಥ್ಯವೆಂದು ಮಾರುವುದು ತಪ್ಪು. ತಾನು ಹತ್ತಿದಷ್ಟನ್ನು ಇಳಿಯಲಾರದವನಿಗೆ ಹಾದಿಯ ಬುಡದಲ್ಲಿಯೇ ‘ಹಿಂದಿರುಗು’ ಎನ್ನುವ ಫಲಕವೂ, ಹಾಗೆನ್ನುವ ಧೈರ್ಯವುಳ್ಳ ಮಾರ್ಗದರ್ಶಿಯೂ ಇರಬೇಕು. ಹಳೆಯ ಹಾದಿಗಳನ್ನು ಕಾಪಾಡಲಿ. ಬರಿಯ ಮೈನವಿರೇಳಿಸಲು ಹೊಸ ಬಂಡೆಗಳನ್ನು ಕೊರೆಯುವುದನ್ನು ನಿಲ್ಲಿಸಲಿ. ಪರ್ವತವನ್ನು ಪ್ರೀತಿಸುವೆವೆನ್ನುವವರಿಂದ ಇಷ್ಟನ್ನು ಕೇಳುವುದು ಅತಿಯಲ್ಲ.