ಜನ ಇಲ್ಲದ ಜಾಗ ಬೇಡ, ಸುತ್ತಿ ಬರೋ ದಾರಿ ಹುಡುಕಿ

ಬೆಂಗಳೂರಲ್ಲಿ ಕಾರು ತಗೊಂಡ ಹೊಸದರಲ್ಲಿ ಎಲ್ಲರೂ ಮಾಡೋ ಕೆಲಸಾನೇ ನಾನೂ ಮಾಡಿದೆ. ನಂದಿಬೆಟ್ಟಕ್ಕೆ ಹೊರಟೆ. ಅದೂ ಭಾನುವಾರ, ಅದೂ ಸೂರ್ಯೋದಯ ನೋಡೋಕೆ, ಅದೂ ಹಾಸನದಿಂದ ಬಂದಿದ್ದ ಅಪ್ಪ-ಅಮ್ಮನ್ನ ಕರ್ಕೊಂಡು :)

ನಾಲ್ಕು ಗಂಟೆಗೆ ಮನೆ ಬಿಟ್ವಿ. ಬೆಟ್ಟದ ಬುಡಕ್ಕೆ ಬರೋ ಹೊತ್ತಿಗೆ ಮುಂದೆ ಕಣ್ಣು ಹಾಯಿಸಿದಷ್ಟು ದೂರ ಕೆಂಪು ದೀಪಗಳ ಸಾಲು. ಸೂರ್ಯ ಅವನ ಪಾಡಿಗೆ ಅವನು ಹುಟ್ಟಿದ. ನಾವು ಮುಂದಿನ ಕಾರಿನ ಗಾಜಿನ ಮೇಲಿದ್ದ "ಅಮ್ಮನ ಆಶೀರ್ವಾದ" ಅನ್ನೋ ಸ್ಟಿಕ್ಕರ್ ಓದ್ತಾ ಕೂತಿದ್ವಿ. ವಾಪಸ್ ತಿರುಗಿಸೋಣ ಅಂದ್ರೆ ಹಿಂದೆಯೂ ಕಾರು. ಎರಡೂವರೆ ಗಂಟೆ ಹಾಗೇ ಕಳೀತು. ಅಪ್ಪ ಮಂಡಿ ನೋವು ತಡೀಲಾರದೆ ಬಾಗಿಲು ತೆಗೆದು ಒಂದು ಕಾಲು ಹೊರಗೆ ಚಾಚಿ ಕೂತ್ರು. ಅಮ್ಮ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಗೊತ್ತಾಗಿದ್ದು, ಹಿಂದಿನ ರಾತ್ರಿಯಿಂದ ಅವಳು ನೀರೇ ಕುಡಿದಿರಲಿಲ್ಲ. ದಾರೀಲಿ ಎಲ್ಲಿ ಹೋಗೋದು ಅನ್ನೋ ಭಯಕ್ಕೆ. ಮಗ ಕಾರಲ್ಲಿ ಸುತ್ತಿಸ್ತೀನಿ ಅಂತ ಕರ್ಕೊಂಡು ಹೋಗಿ ಅಮ್ಮನಿಗೆ ನಿರ್ಜಲ ಏಕಾದಶಿ ಮಾಡಿಸಿದ ಹಾಗಾಯ್ತು.

"ಏನ್ ಜನಾನಪ್ಪಾ..." ಅಂತ ನಾನೂ ಬೈದೆ. ಆಮೇಲೆ ನಾಚಿಕೆ ಆಯ್ತು. ನಮ್ಮ ಹಿಂದಿನ ಕಾರಿನವರ ಲೆಕ್ಕದಲ್ಲಿ ನಾವೇ ಆ ಜನ ಅಲ್ವಾ?

ಆಫೀಸಲ್ಲಿ ಸರ್ವರ್ ನಿಧಾನ ಆದ್ರೆ ಯೂಸರ್‌ಗಳನ್ನ ಬೈಯಲ್ಲ, ಎಲ್ಲಿ ಕಟ್ಕೊಂಡಿದೆ ಅಂತ ನೋಡ್ತೀವಿ. ಇಲ್ಲೂ ಅದೇ. ನಂದಿಬೆಟ್ಟ ಬೆಂಗಳೂರಿಂದ ಸುಮಾರು 60 ಕಿ.ಮೀ., ಎತ್ತರ 1478 ಮೀಟರ್. ಕಾರು ಹತ್ತೋಕೂ ಇಳಿಯೋಕೂ ಒಂದೇ ರಸ್ತೆ, ಒಂದೇ ಗೇಟು, ಮೇಲೆ ಕಾರು ನಿಲ್ಸೋಕೆ ಇಷ್ಟೇ ಅಂತ ಜಾಗ. ಅಲ್ಲಿಗೆ ಬರೋರಿಗೆಲ್ಲ ಬೇಕಾಗಿರೋದು ಒಂದೇ ಗಳಿಗೆ. ಒಂದು ತೂತಿನ ಗಡಿಗೆಗೆ ಹತ್ತು ಕೊಡ ನೀರು ಸುರಿದ ಹಾಗೆ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ಆ ರಸ್ತೆ ಕಿತ್ತು ಹೋದಾಗ ಮೂರು ತಿಂಗಳಿಗೂ ಹೆಚ್ಚು ಕಾಲ ಬೆಟ್ಟಕ್ಕೆ ಪ್ರವೇಶಾನೇ ಇರಲಿಲ್ಲ. ಬೇರೆ ದಾರಿ ಇಲ್ವಲ್ಲ! ತಮಾಷೆ ಏನಂದ್ರೆ ಬುಡದ ನಂದಿ ಗ್ರಾಮದಲ್ಲೇ ಒಂಬತ್ತನೇ ಶತಮಾನದ ಭೋಗನಂದೀಶ್ವರ ದೇವಸ್ಥಾನ ಇದೆ, ವಿಶಾಲವಾದ ಪ್ರಾಕಾರ, ಚಂದದ ಕಲ್ಯಾಣಿ. ಆ ಸಾಲಿನಲ್ಲಿ ಸಿಕ್ಕಿಬಿದ್ದ ನಮಗೆ ಅತ್ತ ತಿರುಗೋಣ ಅಂತ ಹೊಳೀಲೇ ಇಲ್ಲ. ಯಾಕಂದ್ರೆ ನಾವು ಹೊರಟಿದ್ದು "ಪಾಯಿಂಟ್" ನೋಡೋಕೆ.

ಸ್ನೇಹಿತರಿಗೆ ಹೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ. "ಯಾರಿಗೂ ಗೊತ್ತಿಲ್ಲದ ಜಾಗಕ್ಕೆ ಹೋಗ್ಬೇಕು ಮಗಾ" ಅಂತ ಒಂದು ಪಟ್ಟಿ ಕಳಿಸ್ತಾರೆ. ಯಾರಿಗೂ ಗೊತ್ತಿಲ್ಲದ್ದು ಅಂದ್ಮೇಲೆ ಪಟ್ಟಿಗೆ ಹೇಗೆ ಬಂತು? ಈ ಶನಿವಾರ ಪಟ್ಟಿಗೆ ಬಂದ ಬಂಡೆ ಮುಂದಿನ ಶನಿವಾರ ಬಿಯರ್ ಬಾಟಲಿ ಗಾಜಿನ ರಾಶಿ ಆಗಿರುತ್ತೆ. ಅಲ್ಲಿ ಬರಿಗಾಲಲ್ಲಿ ಕುರಿ ಮೇಯಿಸೋ ಹುಡುಗನಿಗೆ ಆ ಜಾಗ ಮೊದಲಿಂದ ಗೊತ್ತಿತ್ತು ಅನ್ನೋದು ನಮ್ಮ ಲೆಕ್ಕಕ್ಕೇ ಇಲ್ಲ.

ನನ್ನ ವಾದ ಇಷ್ಟೇ. ಜಾಗ ಹುಡುಕೋದು ಬಿಟ್ಟು ದಾರಿ ಹುಡುಕಬೇಕು. ಹೋದ ದಾರೀಲೇ ವಾಪಸ್ ಬರಬೇಕಾದ, ತುದೀಲಿ ಒಂದೇ ಒಂದು ಆಕರ್ಷಣೆ ಇರೋ ರಸ್ತೆ ಬೇಡ. ಸುತ್ತಿ ಬರೋ ಹಾಗಿರಬೇಕು, ನಡುವೆ ಐದಾರು ಕಡೆ ಇಳಿಯೋ ಹಾಗಿರಬೇಕು. ಒಂದು ಕಡೆ ಗಲಾಟೆ ಕಂಡ್ರೆ ನಿಲ್ಲಿಸದೆ ಮುಂದೆ ಹೋದ್ರಾಯ್ತು, ದಿನ ಹಾಳಾಗಲ್ಲ.

ಹಾಗೆ ಹುಡುಕಿದಾಗ ಸಿಕ್ಕಿದ್ದು ಕೋಲಾರದ ಸುತ್ತು. ಹೊಸಕೋಟೆ, ನರಸಾಪುರ, ಕೋಲಾರ, ಆವನಿ, ಮುಳಬಾಗಿಲು, ಕುರುಡುಮಲೆ, ಶ್ರೀನಿವಾಸಪುರ, ಚಿಂತಾಮಣಿ, ನಂದಗುಡಿ, ಮತ್ತೆ ಹೊಸಕೋಟೆ. ಒಟ್ಟು 250 ಕಿ.ಮೀ. ಆಸುಪಾಸು. ಹೋಗ್ತಾ ಚತುಷ್ಪಥ ಹೆದ್ದಾರಿ, ಬರ್ತಾ ಹಳ್ಳಿಗಳ ನಡುವಿನ ರಸ್ತೆ. ಮ್ಯಾಪ್ ಪದೇ ಪದೇ "ಬೇಗ ಹೋಗೋ ದಾರಿ" ಅಂತ ಹೆದ್ದಾರಿಗೇ ಎಳೀತಿರುತ್ತೆ, ಬಗ್ಗಬೇಡಿ. ಬೇಗ ಮನೆ ಸೇರೋದೇ ಉದ್ದೇಶ ಆಗಿದ್ರೆ ಹೊರಡೋದೇ ಯಾಕೆ?

ಇನ್ನೊಂದು ವಿಷಯ. ಈ ಕಡೆ ಜನ ಸೇರೋದು ವೀಕೆಂಡ್ ನೋಡಿ ಅಲ್ಲ, ಪಂಚಾಂಗ ನೋಡಿ. ಆವನಿಯಲ್ಲಿ ಶಿವರಾತ್ರಿ ಹೊತ್ತಿಗೆ ಜಾತ್ರೆ. ಕುರುಡುಮಲೆ ಗಣೇಶನ ಹತ್ರ ಸಂಕಷ್ಟಿ ದಿನ ಹೋದ್ರೆ ಕಾಲಿಡೋಕೆ ಜಾಗ ಇರಲ್ಲ. ಚುನಾವಣೆ ಬಂದ್ರಂತೂ ಪ್ರಚಾರ ಶುರು ಮಾಡೋಕೆ ರಾಜಕಾರಣಿಗಳೇ ಅಲ್ಲಿಗೆ ಬರ್ತಾರೆ :) ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಜನವರಿಯ ಒಂದು ಬುಧವಾರ ಆರಿಸಿದೆ. ಮ್ಯಾನೇಜರ್‌ಗೆ "ಪರ್ಸನಲ್ ಕೆಲಸ" ಅಂತ ಮೇಲ್ ಹಾಕಿದೆ. ಒಂದು ರಜಾ ಹೋಗುತ್ತೆ ನಿಜ. ಜ್ವರಕ್ಕೆ ಕೊಡೋ ರಜಾನ ಅಪ್ಪ-ಅಮ್ಮನಿಗೆ ಕೊಡೋಕೆ ನಮಗೇಕೆ ಅಷ್ಟು ಲೆಕ್ಕಾಚಾರ ಅಂತ ನಂಗೇ ಗೊತ್ತಿಲ್ಲ.

ಅಮ್ಮನ ವಿಷಯ ಮೊದಲೇ ಯೋಚಿಸಿದ್ದೆ. ಜನ ಇಲ್ಲದ ಕಡೆ ಶೌಚಾಲಯವೂ ಇರಲ್ಲ, ಇದನ್ನ ಯಾವ ಪಟ್ಟಿಯವರೂ ಹೇಳಲ್ಲ. ಗಂಡಸರು ಪ್ಲ್ಯಾನ್ ಮಾಡಿದ್ರೆ ಹೀಗೇ ಅಂತ ನನ್ನ ಹೆಂಡತಿ ಹೇಳ್ತಾಳೆ, ಸುಳ್ಳಲ್ಲ. ಹೆದ್ದಾರಿಯಲ್ಲಿ ಕೋಲಾರಕ್ಕೆ ಮುಂಚೆ ಒಂದು ಪೆಟ್ರೋಲ್ ಬಂಕು, ಮುಳಬಾಗಿಲಲ್ಲಿ ತಿಂಡಿ ತಿನ್ನೋ ಹೋಟೆಲ್ಲು, ಚಿಂತಾಮಣಿಯಲ್ಲಿ ಇನ್ನೊಂದು ಹೋಟೆಲ್ಲು. ಎಲ್ಲೆಲ್ಲಿ ನಿಲ್ಲಿಸ್ತೀನಿ ಅಂತ ಹಿಂದಿನ ರಾತ್ರೀನೇ ಅಮ್ಮನಿಗೆ ಹೇಳಿದೆ. ಬೆಳಿಗ್ಗೆ ಅವಳು ಎರಡು ಲೋಟ ಕಾಫಿ ಕುಡಿದು ಕಾರು ಹತ್ತಿದಳು. ಅಲ್ಲಿಗೇ ಅರ್ಧ ಪ್ರವಾಸ ಗೆದ್ದ ಹಾಗೆ.

ನರಸಾಪುರದ ಹತ್ರ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ್ವಿ. ಒಂದು ಕೆರೆ, ಏರಿ ಮೇಲೆ ಹುಣಸೆ ಮರ, ತುಂಬಿದ ನೀರಿನ ಮೇಲೆ ಬೆಳ್ಳಕ್ಕಿಗಳು. ಕೋಲಾರ ಅಂದ್ರೆ ಬರಡು ಅಂತ ಕೇಳಿ ಬೆಳೆದ ಅಪ್ಪನಿಗೆ ಆಶ್ಚರ್ಯ. ಅಲ್ಲಿ ಹಸು ಮೈ ತೊಳೀತಿದ್ದ ಹಿರಿಯರೊಬ್ಬರನ್ನ ಕೇಳಿದ್ರು, "ಏನ್ ಯಜಮಾನ್ರೇ, ಈ ಸಲ ಮಳೆ ಚೆನ್ನಾಗಿ ಆಯ್ತಾ?"

ಅವರು ನಮ್ಮ ಕಾರಿನ ನಂಬರ್ ಪ್ಲೇಟ್ ನೋಡಿ ನಕ್ಕರು. "ಮಳೆದಲ್ಲ ಸ್ವಾಮಿ, ನಿಮ್ಮೂರ ನೀರೇ ಇದು" ಅಂದ್ರು.

ನಂಗೆ ಓದಿ ಗೊತ್ತಿತ್ತು, ಆದ್ರೆ ನೋಡಿರಲಿಲ್ಲ. ವರ್ಷಪೂರ್ತಿ ಹರಿಯೋ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಇರೋದೆಲ್ಲ ಕೆರೆ, ಎರಡು ಸಾವಿರಕ್ಕೂ ಮಿಕ್ಕಿ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ ಮೇಲೆ ಕೆ.ಸಿ. ವ್ಯಾಲಿ ಯೋಜನೆ ಬಂತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡೋದು. ಯೋಜನೆಯ ಗುರಿ 126 ಕೆರೆ, ದಿನಕ್ಕೆ 440 ದಶಲಕ್ಷ ಲೀಟರ್. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ನೀರು ಬಂತು, ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸ್ಕೊಂಡು ದೊಡ್ಡ ಸುದ್ದಿ ಆಯ್ತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಹೋರಾಟ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ಬಚ್ಚಲ ನೀರು ಹೋಗೋದೂ ಅದೇ ಕಣಿವೆಗೆ. ಅಂದ್ರೆ ನಾನು ಊರಿನ ಗಲೀಜು ಬಿಟ್ಟು ಪ್ರಕೃತಿ ನೋಡೋಕೆ ಅಂತ 50 ಕಿ.ಮೀ. ಬಂದು ನಿಂತಿದ್ದು ನಾನೇ ಸ್ನಾನ ಮಾಡಿ ಬಿಟ್ಟ ನೀರಿನ ದಡದಲ್ಲಿ!

"ಒಳ್ಳೇದಾಯ್ತಾ ಕೆಟ್ಟದಾಯ್ತಾ?" ಅಂತ ಕೇಳಿದೆ. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸಿದ್ರು. ಬತ್ತಿ ಹೋಗಿದ್ದ ಬೋರು ಮತ್ತೆ ಎದ್ದಿದೆ, ಟೊಮೇಟೊ ಹಾಕಿದೀನಿ, ಆದ್ರೆ ಈ ನೀರನ್ನ ಬಾಯಿಗೆ ಮಾತ್ರ ಹಾಕಲ್ಲ ಅನ್ನೋದು ಅವರ ಮಾತಿನ ಸಾರ. ಅಪ್ಪ ಅವರ ಜೊತೆ ಮುಕ್ಕಾಲು ಗಂಟೆ ಹಸು, ಹಿಂಡಿ, ಬೋರಿನ ಆಳ ಅಂತ ಮಾತಾಡ್ತಾ ನಿಂತ್ರು. ಮಂಡಿ ನೋವು ನೆನಪಿಗೆ ಬಂದ ಹಾಗೆ ಕಾಣಲಿಲ್ಲ. ನಂದಿಬೆಟ್ಟದ ತುದೀಲಿ ಅಪ್ಪನಿಗೆ ಇಂಥ ಮಾತು ಸಿಗ್ತಿತ್ತಾ?

ಕೋಲಾರದಲ್ಲಿ ಕೋಲಾರಮ್ಮನ ದರ್ಶನ ಬೇಗ ಮುಗೀತು. ಆವನಿಯಲ್ಲಿ ಮಾತ್ರ ಎರಡು ಗಂಟೆ ಕೂತ್ವಿ. ಹತ್ತನೇ ಶತಮಾನದ ನೊಳಂಬರ ಕಾಲದ ದೇಗುಲಗಳು, ರಾಮಲಿಂಗೇಶ್ವರನ ಜೊತೆಗೆ ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳೂ ಒಂದೇ ಪ್ರಾಕಾರದಲ್ಲಿ. ಲವ-ಕುಶ ಹುಟ್ಟಿದ್ದು ಇಲ್ಲೇ ಅಂತ ಊರಿನವರ ನಂಬಿಕೆ, ಬೆಟ್ಟದ ಮೇಲೆ ಸೀತೆಯ ಗುಡಿ. ಹತ್ತೋಕೆ ನಮ್ಮಿಂದ ಆಗಲ್ಲ ಅಂತ ಅಮ್ಮ ಕೆಳಗಿಂದಲೇ ಕೈ ಮುಗಿದಳು. ಕಲ್ಲಿನ ಜಗಲಿ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚೋಣ ಅಂದ್ರೆ ಕೋತಿಗಳು ಬಿಡಲಿಲ್ಲ. ಸಾವಿರ ವರ್ಷದಿಂದ ಜನ ಬಂದು ಹೋಗ್ತಿರೋ ಈ ಊರನ್ನ ಯಾರಾದ್ರೂ "ಅಪರಿಚಿತ ತಾಣ" ಅಂತ ಕರೆದ್ರೆ ಆ ಕೋತಿಗಳೂ ನಗಬಹುದು.

ಮುಳಬಾಗಿಲು ದೋಸೆ ಬಗ್ಗೆ ನಾನು ಬರೆಯಲ್ಲ, ಹೊಟ್ಟೆ ಉರ್ಕೋತೀರಾ. ಕುರುಡುಮಲೆಯಲ್ಲಿ ಹದಿಮೂರು ಅಡಿಗೂ ಮಿಕ್ಕ ಏಕಶಿಲಾ ಗಣಪನ ಮುಂದೆ ಅವತ್ತು ನಾವು ಮತ್ತು ಅರ್ಚಕರು, ಅಷ್ಟೇ.

ಶ್ರೀನಿವಾಸಪುರದ ರಸ್ತೆಯಲ್ಲಿ ಮಾವಿನ ಮರಗಳೆಲ್ಲ ಹೂ ಬಿಟ್ಟಿದ್ವು, ಕಿಟಕಿ ಇಳಿಸಿದ್ರೆ ಸಾಕು ಘಮ್ಮಂತ ವಾಸನೆ. ಒಂದು ತಿರುವಿನಲ್ಲಿ ಅರ್ಧ ರಸ್ತೆಗೆ ರಾಗಿ ತೆನೆ ಹರವಿದ್ರು. ನಾನು ಹಾರನ್ ಒತ್ತೋಕೆ ಹೋದೆ. ಅಪ್ಪ ಕೈ ಹಿಡಿದ್ರು. "ಕಣ ಕಣೋ ಅದು. ಅವರು ಹಾಕಿರೋದೇ ನೀನು ಹತ್ತಿಸ್ಲಿ ಅಂತ. ನಿಧಾನಕ್ಕೆ ಹೋಗು, ಬ್ರೇಕ್ ಹಾಕ್ಬೇಡ, ಜಾರುತ್ತೆ." ಸ್ವಲ್ಪ ಮುಂದೆ ಹುರುಳಿ ಹರವಿದ್ದ ಕಡೆ ಮಾತ್ರ ಪಕ್ಕಕ್ಕೆ ತಗೋ ಅಂದ್ರು. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ಕೊಂಡು ಬೆಂಕಿ ಹತ್ತಿದ್ದೂ ಉಂಟು. ಹೀಗೆ ರಸ್ತೆಯಲ್ಲಿ ಒಕ್ಕಣೆ ಮಾಡೋದು ಅಪಾಯ ಅಂತ ನಂಗೂ ಗೊತ್ತು, ಬೈಕಿನವರು ಬಿದ್ದು ಸತ್ತಿದಾರೆ. ಆದ್ರೆ ರಾತ್ರಿ ಅಲ್ಲಿ ನೂರರಲ್ಲಿ ಹೋಗೋ ನಮ್ಮಂಥವರದ್ದೂ ಅದರಲ್ಲಿ ಪಾಲಿದೆ. ಕತ್ತಲಾಗೋ ಮುಂಚೆ ಈ ರಸ್ತೆ ದಾಟಿಬಿಡಿ.

ಚಿಂತಾಮಣಿ ಹತ್ರ ರಸ್ತೆ ಬದಿ ಸೊಗಡಿನ ಅವರೆಕಾಯಿ ರಾಶಿ ಕಂಡಿದ್ದೇ ತಡ, ಅಮ್ಮ ನಿಲ್ಸು ನಿಲ್ಸು ಅಂತ ಇಳಿದು ಐದು ಕೆ.ಜಿ. ಕಟ್ಟಿಸಿದಳು. ಏಳೂವರೆಗೆ ಮನೆ. ಹೊಸಕೋಟೆಯಿಂದ ಕೆ.ಆರ್. ಪುರಕ್ಕೆ ಟ್ರಾಫಿಕ್ ಇತ್ತು, ಅದನ್ನ ತಪ್ಪಿಸೋ ಉಪಾಯ ಮಾತ್ರ ನನ್ನ ಹತ್ರ ಇಲ್ಲ. ಯಾರ ಹತ್ರ ಆದ್ರೂ ಇದ್ರೆ ದಯವಿಟ್ಟು ಹೇಳಿ.

ರಾತ್ರಿ ಹತ್ತಾದ್ರೂ ಇಬ್ಬರೂ ಹಾಲ್‌ನಲ್ಲಿ ಪೇಪರ್ ಹರವಿಕೊಂಡು ಅವರೆಕಾಯಿ ಸುಲೀತಿದ್ರು. "ಮೇ ತಿಂಗಳಲ್ಲಿ ಆ ಕಡೆ ಹೋದ್ರೆ ಮಾವಿನಕಾಯಿ ಬಂದಿರುತ್ತೇನೋ" ಅಂದಳು ಅಮ್ಮ, ನನ್ನ ಮುಖ ನೋಡದೆ. ಪಂಚಾಂಗ ನೋಡ್ತಿದೀನಿ :)